ಆರನೇ ಕಂಬಸಾಲಿನ ಆಚೀಚೆ

ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ 31 ದಿನಗಳ ತಿಂಗಳೊಂದನ್ನು ತೆರೆಯಿರಿ. ಅದರ ಮೇಲೆ ಹಾಲಿನ ಲೆಕ್ಕ ಗೀಚಿದ್ದರೂ ಅಡ್ಡಿಯಿಲ್ಲ. 1ನ್ನು ಪಕ್ಕಕ್ಕಿಡಿ. 2ಕ್ಕೆ ಪೆನ್ಸಿಲಿನಿಂದ ಒಂದು ಸುತ್ತು ಹಾಕಿ, ಅದರ ಮಗ್ಗಿಯಲ್ಲಿ ಬರುವ 4, 6, 8, 10 ಎಲ್ಲವನ್ನೂ ಹೊಡೆದುಹಾಕಿ. ಆಮೇಲೆ 3ಕ್ಕೆ ಸುತ್ತು ಹಾಕಿ, ಅದರ ಮಗ್ಗಿಯನ್ನು ಹೊಡೆಯಿರಿ. 5ಕ್ಕೂ ಹಾಗೆಯೇ. 7ರ ಮಗ್ಗಿ ಒಂದೇ ವಾರದ ಕೆಳಗೆ ನೆಟ್ಟಗೆ ಇಳಿಯುತ್ತದೆ, ನೋಡಲು ಚೆಂದ. ಆದರೆ ಅಲ್ಲಿ ನಿಮಗೆ ಕೆಲಸವಿಲ್ಲ, 14, 21, 28 ಆಗಲೇ ಹೊಡೆದುಹೋಗಿರುತ್ತವೆ. ಉಳಿದವು ಹನ್ನೊಂದು ತಾರೀಖುಗಳು: 2, 3, 5, 7, 11, 13, 17, 19, 23, 29, 31. ಇವು ಬೇರೆ ಯಾವ ಮಗ್ಗಿಗೂ ಸಿಕ್ಕದ ಸಂಖ್ಯೆಗಳು, ಶಾಲೆಯ ಪುಸ್ತಕದಲ್ಲಿ ನಾವು ಓದಿದ ಅವಿಭಾಜ್ಯಗಳು. ನೀವು ಈಗ ಮಾಡಿದ ಕೆಲಸಕ್ಕೆ ಎರಟೋಸ್ತೆನಿಸನ ಜರಡಿ ಎಂದು ಹೆಸರು. ಭೂಮಿಯ ಸುತ್ತಳತೆಯನ್ನು ನೆರಳಿನಿಂದ ಅಳೆದ, ಅಲೆಕ್ಸಾಂಡ್ರಿಯದ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಗ್ರೀಕ್ ವಿದ್ವಾಂಸ ಆತ. ಕಾಲ ಕ್ರಿಸ್ತಪೂರ್ವ ಮೂರನೇ ಶತಮಾನ.

ಈಗ ಸುತ್ತು ಬಿದ್ದ ತಾರೀಖುಗಳನ್ನು ಮತ್ತೊಮ್ಮೆ ನೋಡಿ. 11 ಮತ್ತು 13, 17 ಮತ್ತು 19, 29 ಮತ್ತು 31. ನಡುವೆ ಒಂದೇ ಒಂದು ದಿನ ಬಿಟ್ಟು ಜೋಡಿಜೋಡಿಯಾಗಿ ಕುಳಿತಿವೆ. ತಿಂಗಳ ಆರಂಭದಲ್ಲಿ 3, 5, 7 ಒತ್ತೊತ್ತಾಗಿವೆ. 23 ಮಾತ್ರ ಒಂಟಿ. ಎರಡರ ಅಂತರದಲ್ಲಿರುವ ಇಂಥ ಜೋಡಿಗಳಿಗೆ ಅವಳಿ ಅವಿಭಾಜ್ಯಗಳು ಎನ್ನುತ್ತಾರೆ. ನೂರರೊಳಗೆ ಇಂಥವು 8 ಜೋಡಿ, ಸಾವಿರದೊಳಗೆ 35, ಹತ್ತು ಲಕ್ಷದೊಳಗೆ 8169. ಈ ಜೋಡಿಗಳು ಎಲ್ಲಾದರೂ ಮುಗಿಯುತ್ತವೆಯೇ, ಮುಗಿಯುವುದೇ ಇಲ್ಲವೇ?

ಪ್ರಶ್ನೆ ಇಷ್ಟೆ. ಐದನೇ ತರಗತಿಯ ಮಗುವಿಗೂ ಅರ್ಥವಾಗುತ್ತದೆ. ಉತ್ತರ ಮಾತ್ರ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಒಂದು ಕ್ಷಣ ವಾರಕ್ಕೆ ಆರೇ ದಿನ ಎಂದುಕೊಳ್ಳೋಣ. (ಭಾನುವಾರವನ್ನು ಕಿತ್ತುಹಾಕಿದೆನೆಂದು ಬೈಯಬೇಡಿ.) 1ರಿಂದ 6 ಮೊದಲ ಅಡ್ಡಸಾಲು, 7ರಿಂದ 12 ಎರಡನೆಯದು, ಹೀಗೆ ಕೊನೆಯಿಲ್ಲದ ಕ್ಯಾಲೆಂಡರ್. ಎರಡನೇ, ನಾಲ್ಕನೇ, ಆರನೇ ಕಂಬಸಾಲುಗಳಲ್ಲಿ ಬರೀ ಸಮಸಂಖ್ಯೆಗಳು. ಮೂರನೆಯದರಲ್ಲಿ ಬರೀ ಮೂರರ ಮಗ್ಗಿ. ಹಾಗಾಗಿ 2 ಮತ್ತು 3ನ್ನು ಬಿಟ್ಟರೆ ಅವಿಭಾಜ್ಯಗಳೆಲ್ಲ ಒಂದನೇ ಅಥವಾ ಐದನೇ ಕಂಬಸಾಲಿನಲ್ಲೇ ಇರಬೇಕು, ಬೇರೆ ಜಾಗವಿಲ್ಲ. ಅವಳಿಗಳಾದರೆ ಆರನೇ ಕಂಬಸಾಲಿನ ಒಂದು ಸಂಖ್ಯೆಯನ್ನು ನಡುವೆ ಇಟ್ಟುಕೊಂಡು ಹಿಂದೊಂದು ಮುಂದೊಂದು ನಿಲ್ಲುತ್ತವೆ: 11, 12, 13. 17, 18, 19. 3ರ ಜೊತೆಯ 5 ಒಂದೇ ಅಪವಾದ. 3, 5, 7ರಂಥ ತ್ರಿವಳಿ ಮತ್ತೆಂದೂ ಹುಟ್ಟದಿರುವುದಕ್ಕೂ ಇದೇ ಕಾರಣ, ಎರಡೆರಡರ ಅಂತರದ ಮೂರು ಸಂಖ್ಯೆಗಳಲ್ಲಿ ಒಂದು ಮೂರರ ಮಗ್ಗಿಗೆ ಸಿಕ್ಕಿಯೇ ಸಿಗುತ್ತದೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅವಿಭಾಜ್ಯಗಳು ಮುಗಿಯುವುದಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆ ತೋರಿಸಿಕೊಟ್ಟ. ಅವನ ಉಪಾಯವನ್ನು ಹೇಳಿಬಿಡಬಹುದು. ನಿಮ್ಮ ಕೈಯಲ್ಲಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ, ಒಂದು ಕೂಡಿಸಿ. ಬಂದ ಸಂಖ್ಯೆಯನ್ನು ಆ ಪಟ್ಟಿಯ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಅಂದಮೇಲೆ ಅದು ತಾನೇ ಅವಿಭಾಜ್ಯ, ಇಲ್ಲವೇ ಪಟ್ಟಿಯಲ್ಲಿಲ್ಲದ ಅವಿಭಾಜ್ಯವೊಂದು ಅದರ ಹೊಟ್ಟೆಯಲ್ಲಿದೆ. ಪಟ್ಟಿ ಎಷ್ಟು ಉದ್ದವಾದರೂ ಪೂರ್ತಿಯಾಗುವುದಿಲ್ಲ.

ಇದೇ ಉಪಾಯವನ್ನು ಅವಳಿಗಳಿಗೆ ತಿರುಗಿಸಿದರೆ? ಒಂದು ಕೂಡಿಸಿ, ಒಂದು ಕಳೆದು ನೋಡೋಣ. 2×3 ಅಂದರೆ 6, ಆಚೀಚೆ 5 ಮತ್ತು 7, ಅವಳಿ ಸಿಕ್ಕಿತು. 2×3×5 ಅಂದರೆ 30, ಆಚೀಚೆ 29 ಮತ್ತು 31, ಮತ್ತೆ ಸಿಕ್ಕಿತು. ಉತ್ಸಾಹದಲ್ಲಿ 7ರಿಂದಲೂ ಗುಣಿಸಿದರೆ 210. 211 ಅವಿಭಾಜ್ಯ, ಆದರೆ 209 ಎಂದರೆ 11×19. ಕೈಕೊಟ್ಟಿತು. 11ನ್ನೂ ಸೇರಿಸಿದರೆ 2310, ಅದರ ಆಚೀಚೆಯ 2309 ಮತ್ತು 2311 ಎರಡೂ ಅವಿಭಾಜ್ಯ! ಮುಂದಿನ 30030ರಲ್ಲಿ 30029 ಸರಿ, 30031 ಮಾತ್ರ 59×509 ಆಗಿ ಒಡೆಯುತ್ತದೆ. ಹೀಗೆ ಆಸೆ ಹುಟ್ಟಿಸುತ್ತ, ಮುರಿಯುತ್ತ ಹೋಗುತ್ತದೆ. ಯೂಕ್ಲಿಡನಿಗೆ ಬಂದ ಸಂಖ್ಯೆ ಒಡೆದರೂ ನಷ್ಟವಿರಲಿಲ್ಲ, ಒಡೆದ ಚೂರೇ ಹೊಸ ಅವಿಭಾಜ್ಯವಾಗುತ್ತಿತ್ತು. ನಮಗೆ ಬೇಕಾದದ್ದು ಒಡೆಯದ ಎರಡು, ಅದೂ ಅಕ್ಕಪಕ್ಕದಲ್ಲೇ. ಅವಿಭಾಜ್ಯ ಎಂಬುದು ಗುಣಾಕಾರದ ಮನೆಯಲ್ಲಿ ಹುಟ್ಟಿದ ಮಾತು, 'ಅದಕ್ಕೆ ಎರಡು ಕೂಡಿಸಿದ್ದು' ಎಂಬುದು ಸಂಕಲನದ ಮನೆಯದು. ಒಂದು ಸಂಖ್ಯೆಯ ಅಪವರ್ತನಗಳು ನಿಮಗೆ ಪೂರ್ತಿ ಗೊತ್ತಿದ್ದರೂ ಎರಡು ಮುಂದಿರುವ ಸಂಖ್ಯೆಯ ಬಗ್ಗೆ ಅವು ಹೆಚ್ಚೇನೂ ಬಾಯಿಬಿಡುವುದಿಲ್ಲ. ಈ ಅಧ್ಯಾಯದಲ್ಲಿ ಬರುವ ಎಲ್ಲರ ತಲೆನೋವೂ ಇದೇ.

ಇನ್ನೊಂದು ತೊಡಕು, ಮುಂದೆ ಹೋದಂತೆ ಅವಿಭಾಜ್ಯಗಳು ವಿರಳವಾಗುತ್ತವೆ. ಹತ್ತು ಲಕ್ಷದ ಆಸುಪಾಸಿನಲ್ಲಿ ಸರಾಸರಿ 14ಕ್ಕೊಂದು, ನೂರು ಕೋಟಿಯ ಹತ್ತಿರ 21ಕ್ಕೊಂದು, ಒಂದರ ಮುಂದೆ ನೂರು ಸೊನ್ನೆ ಹಾಕಿದರೆ 230ಕ್ಕೊಂದು. ಬರಗಾಲದ ಜಾಗಗಳೂ ಉಂಟು. 1ರಿಂದ 101ರವರೆಗಿನ ಸಂಖ್ಯೆಗಳನ್ನೆಲ್ಲ ಗುಣಿಸಿ, ಆ ಗುಣಲಬ್ಧಕ್ಕೆ 2 ಕೂಡಿಸಿದರೆ 2ರಿಂದ ಭಾಗವಾಗುತ್ತದೆ, 3 ಕೂಡಿಸಿದರೆ 3ರಿಂದ, ಹೀಗೆ 101ರವರೆಗೆ. ಸಾಲಾಗಿ ನೂರು ಸಂಖ್ಯೆಗಳಲ್ಲಿ ಒಂದೂ ಅವಿಭಾಜ್ಯವಿಲ್ಲ. ಇಂಥ ಬಯಲನ್ನು ಎಷ್ಟು ದೊಡ್ಡದಾಗಿ ಬೇಕಾದರೂ ಮಾಡಿಕೊಳ್ಳಬಹುದು. ಇಂಥ ಬಯಲಿನ ಆಚೆಗೂ ಎಲ್ಲೋ ಎರಡು ಅವಿಭಾಜ್ಯಗಳು ಭುಜಕ್ಕೆ ಭುಜ ತಾಗಿಸಿ ನಿಂತಿರುತ್ತವೆ ಎಂಬುದು ಗಣಿತಜ್ಞರ ನಂಬಿಕೆ. ಫ್ರಾನ್ಸಿನ ಆಲ್ಫೋನ್ಸ್ ದ ಪೋಲಿನ್ಯಾಕ್ 1849ರಲ್ಲಿ ಇನ್ನೂ ಧಾರಾಳವಾಗಿ ಊಹಿಸಿದ: ಎರಡೇ ಏಕೆ, ನಾಲ್ಕು, ಆರು, ಎಂಟು, ಯಾವ ಸಮಸಂಖ್ಯೆಯ ಅಂತರ ಹೇಳಿದರೂ ಅಷ್ಟು ದೂರದ ಅವಿಭಾಜ್ಯ ನೆರೆಹೊರೆ ಮುಗಿಯದಷ್ಟಿದೆ.

ಬರೀ ನಂಬಿಕೆಯಲ್ಲ, ಅಚ್ಚರಿ ಹುಟ್ಟಿಸುವಷ್ಟು ನಿಖರವಾದ ಲೆಕ್ಕವೂ ಇದೆ. ನೂರು ಕೋಟಿಯ ಹತ್ತಿರ 21ಕ್ಕೊಂದು ಅವಿಭಾಜ್ಯವಾದರೆ, ಜೋಡಿಯ ಎರಡೂ ಅವಿಭಾಜ್ಯವಾಗುವುದು ಸುಮಾರು 21×21ಕ್ಕೊಮ್ಮೆ ಎನ್ನಬಹುದು. ಆದರೆ ಎರಡೂ ಪೂರ್ತಿ ಸ್ವತಂತ್ರವಲ್ಲ, ಮೊದಲನೆಯದು ಬೆಸವಾದರೆ ಎರಡನೆಯದೂ ಬೆಸವೇ. 2, 3, 5, 7 ಹೀಗೆ ಒಂದೊಂದರ ಪ್ರಭಾವವನ್ನೂ ತಿದ್ದಿಕೊಂಡು ಹೋದರೆ 1.32ರಷ್ಟು ಗುಣಕ ಬರುತ್ತದೆ. ಇಂಗ್ಲೆಂಡಿನ ಹಾರ್ಡಿ ಮತ್ತು ಲಿಟಲ್‌ವುಡ್ 1923ರಲ್ಲಿ ಪ್ರಕಟಿಸಿದ ಊಹೆ ಇದು. ಅವರು ಅಲ್ಲಿಗೆ ತಲುಪಿದ ದಾರಿಯ ಬುಡದಲ್ಲಿ ನಮ್ಮ ರಾಮಾನುಜನ್ ಇದ್ದಾರೆ. ಒಂದು ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ಒಟ್ಟುಗೂಡಿಸಿ ಬರೆಯಬಹುದು ಎಂಬ ಲೆಕ್ಕಕ್ಕಾಗಿ ಹಾರ್ಡಿ ಮತ್ತು ರಾಮಾನುಜನ್ 1918ರಲ್ಲಿ ಹೊಸೆದ ವೃತ್ತ ವಿಧಾನವನ್ನೇ ಹಾರ್ಡಿ, ಲಿಟಲ್‌ವುಡ್ ಅವಿಭಾಜ್ಯಗಳ ಕಡೆ ತಿರುಗಿಸಿದ್ದು. ಅಷ್ಟರಲ್ಲಿ ರಾಮಾನುಜನ್ ತೀರಿಕೊಂಡು ಮೂರು ವರ್ಷವಾಗಿತ್ತು. ಆ ಸೂತ್ರದ ಪ್ರಕಾರ ನೂರು ಕೋಟಿಯೊಳಗೆ 34,25,308 ಅವಳಿ ಜೋಡಿಗಳಿರಬೇಕು. ಎಣಿಸಿದರೆ ಇರುವುದು 34,24,506. ಮೂವತ್ನಾಲ್ಕು ಲಕ್ಷದಲ್ಲಿ 802ರ ವ್ಯತ್ಯಾಸ! ಇಷ್ಟು ಹೊಂದಿಕೆ ಕಂಡ ಮೇಲೆ ಭೌತವಿಜ್ಞಾನಿಯಾಗಿದ್ದರೆ ಕಡತ ಮುಚ್ಚಿ ಮನೆಗೆ ಹೋಗುತ್ತಿದ್ದ. ಗಣಿತದಲ್ಲಿ ಇದಕ್ಕೆ ಊಹೆ ಎಂದಷ್ಟೇ ಬೆಲೆ.

ಮೊದಲ ನಿಜವಾದ ಪೆಟ್ಟು ಕೊಟ್ಟವನು ನಾರ್ವೆಯ ವಿಗ್ಗೋ ಬ್ರೂನ್. 1919ರಲ್ಲಿ ಆತ ಅವಳಿಗಳ ವ್ಯುತ್ಕ್ರಮಗಳನ್ನು ಕೂಡಿಸತೊಡಗಿದ: ಮೂರನೇ ಒಂದು, ಐದನೇ ಒಂದು, ಮತ್ತೆ ಐದನೇ ಒಂದು, ಏಳನೇ ಒಂದು, ಹನ್ನೊಂದನೇ ಒಂದು, ಹೀಗೆ. ಎಲ್ಲ ಅವಿಭಾಜ್ಯಗಳನ್ನೂ ತೆಗೆದುಕೊಂಡು ಕೂಡಿಸಿದರೆ ಮೊತ್ತ ಎಲ್ಲೆಯಿಲ್ಲದೆ ಬೆಳೆಯುತ್ತದೆಂದು ಆಯ್ಲರ್ 18ನೇ ಶತಮಾನದಲ್ಲೇ ತೋರಿಸಿದ್ದ. ಅವಳಿಗಳ ಮೊತ್ತವೂ ಹಾಗೆ ಬೆಳೆದಿದ್ದರೆ ಪ್ರಶ್ನೆ ಅಂದೇ ಬಗೆಹರಿಯುತ್ತಿತ್ತು, ಏಕೆಂದರೆ ಎಣಿಸಿ ಮುಗಿಯುವಷ್ಟು ಭಿನ್ನರಾಶಿಗಳನ್ನು ಕೂಡಿಸಿ ಅನಂತಕ್ಕೆ ಹೋಗಲಾಗದು. ಆದರೆ ಬ್ರೂನ್ ಸಾಧಿಸಿದ್ದು ಅದರ ತದ್ವಿರುದ್ಧ. ಮೊತ್ತ ಒಂದು ಮಿತಿಯೊಳಗೇ ನಿಲ್ಲುತ್ತದೆ, ಅದು ಸುಮಾರು 1.902 ಎಂಬ ಅಂದಾಜಿದೆ. ಇದರಿಂದ ಅವಳಿಗಳು ಬಹಳ ವಿರಳ ಎಂದಾಯಿತು. ಮುಗಿಯುತ್ತವೆಯೋ ಇಲ್ಲವೋ ಎಂಬುದು ಹಾಗೇ ಉಳಿಯಿತು. ಇಷ್ಟು ಶ್ರಮಪಟ್ಟು ಬಾಗಿಲು ತೆರೆದರೆ ಎದುರಿಗೆ ಗೋಡೆ.

ಈ 1.902 ಒಮ್ಮೆ ಕಂಪ್ಯೂಟರ್ ಉದ್ಯಮವನ್ನೇ ನಡುಗಿಸಿತ್ತು. ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಥಾಮಸ್ ನೈಸ್ಲಿ 1994ರಲ್ಲಿ ಈ ಮೊತ್ತವನ್ನು ಇನ್ನಷ್ಟು ನಿಖರವಾಗಿ ಲೆಕ್ಕ ಹಾಕುತ್ತಿದ್ದರು. ಹೊಸದಾಗಿ ತಂದ ಪೆಂಟಿಯಂ ಕಂಪ್ಯೂಟರಿನ ಉತ್ತರ ಹಳೆಯವುಗಳ ಉತ್ತರಕ್ಕೆ ತಾಳೆಯಾಗಲಿಲ್ಲ. ಪ್ರೋಗ್ರಾಮನ್ನು ಜಾಲಾಡಿ, ಒಂದೊಂದೇ ಅನುಮಾನವನ್ನು ತಳ್ಳಿಹಾಕುತ್ತ ಹೋಗಿ ಕೊನೆಗೆ ಅವರು ಹಿಡಿದದ್ದು 824633702441 ಮತ್ತು 824633702443 ಎಂಬ ಅವಳಿಗಳನ್ನು. ಇವುಗಳ ವ್ಯುತ್ಕ್ರಮ ತೆಗೆಯುವಾಗ ಚಿಪ್ಪೇ ತಪ್ಪು ಭಾಗಾಕಾರ ಮಾಡುತ್ತಿತ್ತು! ಭಾಗಾಕಾರಕ್ಕೆಂದು ಚಿಪ್ಪಿನೊಳಗೆ ಬರೆದಿಟ್ಟ ಕೋಷ್ಟಕದಲ್ಲಿ ಐದು ನಮೂದುಗಳು ಬಿಟ್ಟುಹೋಗಿದ್ದವು. ಚಿಪ್ಪುಗಳನ್ನು ಬದಲಿಸಿಕೊಡಲು ಇಂಟೆಲ್ ಕಂಪನಿ ಲೆಕ್ಕದಲ್ಲಿ ತೋರಿಸಿದ ಹೊರೆ 47.5 ಕೋಟಿ ಡಾಲರ್. ಶುದ್ಧ ಗಣಿತದಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಈ ಕಥೆ ಹೇಳುವುದುಂಟು. ಪ್ರಯೋಜನಕ್ಕಿಂತ ಖರ್ಚೇ ಹೆಚ್ಚಾಯಿತಲ್ಲ ಎಂದು ಅವರು ನಗುವುದೂ ಉಂಟು.

ಬ್ರೂನ್ ಉಳಿಸಿಹೋದ ದೊಡ್ಡ ಆಸ್ತಿ ಆ ಮೊತ್ತವಲ್ಲ, ಅವನ ಜರಡಿ. ಎರಟೋಸ್ತೆನಿಸನ ಜರಡಿ ಒಂದೊಂದೇ ಸಂಖ್ಯೆಯನ್ನು ಹಿಡಿಯಲು ಸರಿ, ಎಷ್ಟು ಉಳಿದವು ಎಂಬ ಲೆಕ್ಕಕ್ಕೆ ಬಂದರೆ ಎಡವುತ್ತದೆ. 2ರ ಮಗ್ಗಿಯನ್ನು ಕಳೆಯಿರಿ, 3ರದ್ದನ್ನು ಕಳೆಯಿರಿ, ಎರಡೂ ಸಲ ಕಳೆದುಹೋದ 6ರ ಮಗ್ಗಿಯನ್ನು ಮರಳಿ ಕೂಡಿಸಿ, ಹೀಗೆ ಹತ್ತು ಅವಿಭಾಜ್ಯಗಳಿಗೇ ಸಾವಿರಕ್ಕೂ ಹೆಚ್ಚು ಕಳೆ-ಕೂಡು. ಪ್ರತಿಯೊಂದರಲ್ಲೂ ಒಂದಿಷ್ಟು ಚಿಲ್ಲರೆ ತಪ್ಪು ಉಳಿದು, ಕೊನೆಗೆ ತಪ್ಪಿನ ಮೊತ್ತವೇ ಉತ್ತರಕ್ಕಿಂತ ದೊಡ್ಡದಾಗಿಬಿಡುತ್ತದೆ. ಬ್ರೂನ್ ಈ ಕಳೆ-ಕೂಡುವಿಕೆಯನ್ನು ಅರ್ಧಕ್ಕೇ ನಿಲ್ಲಿಸಿದ. ಉತ್ತರ ಸರಿಯಾಗಿ ಸಿಗದಿದ್ದರೂ ಇದಕ್ಕಿಂತ ಹೆಚ್ಚಿಲ್ಲ, ಇದಕ್ಕಿಂತ ಕಡಿಮೆಯಿಲ್ಲ ಎಂಬ ಎರಡು ಬೇಲಿಗಳು ಸಿಕ್ಕವು. ಆ ಬೇಲಿಗಳ ನಡುವೆ ನಿಂತು ಆತ ಇನ್ನೊಂದನ್ನೂ ಸಾಧಿಸಿದ. ಒಂದೊಂದೂ ಹೆಚ್ಚೆಂದರೆ ಒಂಬತ್ತು ಅವಿಭಾಜ್ಯಗಳ ಗುಣಲಬ್ಧವಾಗಿರುವ, ಎರಡರ ಅಂತರದ ಜೋಡಿಗಳು ಅನಂತ. ಒಂಬತ್ತನ್ನು ಒಂದಕ್ಕೆ ಇಳಿಸಿದರೆ ಕೆಲಸ ಮುಗಿಯಿತು. ಮುಂದಿನ ಅರ್ಧ ಶತಮಾನ ಕಳೆದದ್ದು ಈ ಇಳಿಸುವುದರಲ್ಲೇ.

ಅದರ ತುದಿ ಮುಟ್ಟಿದವನು ಚೀನಾದ ಚೆನ್ ಜಿಂಗ್‌ರುನ್. 1966ರಲ್ಲಿ ಘೋಷಿಸಿ, ಪೂರ್ಣ ಸಾಧನೆಯನ್ನು 1973ರಲ್ಲಿ ಪ್ರಕಟಿಸಿದ. ನಡುವಿನ ವರ್ಷಗಳು ಸಾಂಸ್ಕೃತಿಕ ಕ್ರಾಂತಿಯವು, ಓದಿದವರೆಂದರೆ ಅನುಮಾನದಿಂದ ನೋಡುತ್ತಿದ್ದ ಕಾಲ. ಚೆನ್ ಬೀಜಿಂಗಿನ ಆರು ಚದರ ಮೀಟರಿನ ಕೋಣೆಯೊಳಗೆ ಬರೆಯುತ್ತಲೇ ಇದ್ದ. ಅನಂತವಾಗಿ ಅನೇಕ ಅವಿಭಾಜ್ಯಗಳಿಗೆ ಎರಡು ಕೂಡಿಸಿದಾಗ ಬರುವ ಸಂಖ್ಯೆ ಅವಿಭಾಜ್ಯ, ಇಲ್ಲವೇ ಎರಡೇ ಅವಿಭಾಜ್ಯಗಳ ಗುಣಲಬ್ಧ ಎಂದು ಆತ ತೋರಿಸಿದ. ಕೊನೆಯ ಮೆಟ್ಟಿಲಿಗೆ ಒಂದೇ ಮೆಟ್ಟಿಲು ಬಾಕಿ.

ಆ ಒಂದು ಮೆಟ್ಟಿಲನ್ನು ಜರಡಿ ಹತ್ತಲಾರದು. ಏಕೆಂದು ನಾರ್ವೆಯವರೇ ಆದ ಆಟ್ಲೆ ಸೆಲ್ಬರ್ಗ್ ಮೊದಲೇ ಗುರುತಿಸಿದ್ದರು. ಸಂಖ್ಯೆಗಳನ್ನೆಲ್ಲ ಎರಡು ಪಂಗಡ ಮಾಡಿ. ಬೆಸ ಸಂಖ್ಯೆಯ ಅವಿಭಾಜ್ಯ ಅಪವರ್ತನಗಳಿರುವವು ಒಂದು ಕಡೆ: 7, 12 (ಅದು 2×2×3), 30. ಸಮವಾಗಿರುವವು ಇನ್ನೊಂದು ಕಡೆ: 6, 15, 16. ಅವಿಭಾಜ್ಯಗಳೆಲ್ಲ ಒಂದೇ ಅಪವರ್ತನದವು, ಆದ್ದರಿಂದ ಬೆಸ ಪಂಗಡದವು. ಈಗ ಯಾರೋ ಬೆಸ ಪಂಗಡವನ್ನು ಪೂರ್ತಿ ಕದ್ದೊಯ್ದರೆನ್ನಿ. ಉಳಿದ ರಾಶಿಯಲ್ಲಿ ಒಂದೂ ಅವಿಭಾಜ್ಯವಿಲ್ಲ. ಆದರೆ ಜರಡಿಗೆ ಇದು ಗೊತ್ತೇ ಆಗುವುದಿಲ್ಲ! ಜರಡಿ ಕೇಳುವುದು ಇಷ್ಟೇ: ಈ ರಾಶಿಯಲ್ಲಿ 3ರ ಮಗ್ಗಿಯವು ಎಷ್ಟು ಪಾಲು, 5ರವು ಎಷ್ಟು ಪಾಲು? ಎರಡೂ ಪಂಗಡಗಳ ಉತ್ತರ ಹೆಚ್ಚುಕಡಿಮೆ ಒಂದೇ. ಕದ್ದ ರಾಶಿಗೂ ಉಳಿದ ರಾಶಿಗೂ ವ್ಯತ್ಯಾಸ ತಿಳಿಯದವನು ಉಳಿದದ್ದರಲ್ಲಿ ಅವಿಭಾಜ್ಯವಿದೆ ಎಂದು ಹೇಗೆ ಸಾಕ್ಷಿ ಹೇಳಿಯಾನು? ಒಂದು ಅಥವಾ ಎರಡು ಎಂದಾನು, ಒಂದೇ ಎನ್ನಲಾರ. ಚೆನ್ ನಿಂತದ್ದು ಸರಿಯಾಗಿ ಅಲ್ಲೇ. ಇದಕ್ಕೆ ಸಮ-ಬೆಸದ ತಡೆ ಎಂದು ಕರೆಯೋಣ. ಒಂದು ಉಪಕರಣ ಏನನ್ನು ಮಾಡಲಾರದು ಎಂದು ಇಷ್ಟು ಸ್ವಚ್ಛವಾಗಿ ಹೇಳುವ ಮಾತು ನನಗೆ ಹಲವು ಪ್ರಮೇಯಗಳಿಗಿಂತ ಸುಂದರವಾಗಿ ಕಾಣುತ್ತದೆ.

ಹಾಗಾದರೆ ಪ್ರಶ್ನೆಯನ್ನೇ ಸ್ವಲ್ಪ ಸಡಿಲಿಸಬೇಕು. ಎರಡೇ ಏಕೆ? ಯಾವುದಾದರೊಂದು ಗೊತ್ತಾದ ದೂರದೊಳಗೆ ಎರಡು ಅವಿಭಾಜ್ಯಗಳು ಮತ್ತೆಮತ್ತೆ, ಅನಂತ ಸಲ, ಸಿಗುತ್ತವೆ ಎಂದಾದರೂ ತೋರಿಸಬಹುದೆ? ಒಂದು ಬಾಚಣಿಗೆಯನ್ನು ಊಹಿಸಿಕೊಳ್ಳಿ. ಹಲ್ಲುಗಳ ಅಂತರ ಒಂದೇ ಸಮ ಇರಬೇಕಾಗಿಲ್ಲ. ಅದನ್ನು ಸಂಖ್ಯಾರೇಖೆಯ ಮೇಲೆ ಸರಿಸುತ್ತ ಹೋಗಿ, ಎಷ್ಟು ಹಲ್ಲುಗಳು ಅವಿಭಾಜ್ಯದ ಮೇಲೆ ಕೂರುತ್ತವೆ ಎಂದು ಎಣಿಸಿ. 0, 2, 4ರಲ್ಲಿ ಹಲ್ಲಿರುವ ಬಾಚಣಿಗೆ ಕೆಟ್ಟದ್ದು, ಒಂದು ಹಲ್ಲು ಮೂರರ ಮಗ್ಗಿಗೆ ತಾಗಿಯೇ ತಾಗುತ್ತದೆಂದು ಆಗಲೇ ನೋಡಿದೆವು. ಅಂಥ ದೋಷವಿಲ್ಲದ ಬಾಚಣಿಗೆ ಬೇಕು. ಅವಿಭಾಜ್ಯಗಳು ಇರಬಹುದಾದ ಜಾಗಗಳಿಗೆ ಹೆಚ್ಚು ತೂಕ ಕೊಟ್ಟು ಸರಾಸರಿ ತೆಗೆಯಬೇಕು. ಸರಾಸರಿ ಒಂದನ್ನು ದಾಟಿದರೆ ಗೆದ್ದಂತೆ. ಬೀದಿಯಲ್ಲಿ ಮನೆಗೆ ಸರಾಸರಿ ಒಂದಕ್ಕಿಂತ ಹೆಚ್ಚು ಸೈಕಲ್ ಇದ್ದರೆ ಯಾವುದೋ ಮನೆಯಲ್ಲಿ ಎರಡಾದರೂ ಇರಲೇಬೇಕಲ್ಲ. ಯಾವ ಮನೆ, ಯಾವ ಎರಡು ಹಲ್ಲು ಎಂದು ಹೇಳಬೇಕಾಗಿಲ್ಲ. ಹಾಗೆ ಹೇಳದಿರುವುದರಿಂದಲೇ ಸಮ-ಬೆಸದ ತಡೆ ಇಲ್ಲಿ ಅಡ್ಡ ಬರುವುದಿಲ್ಲ.

ಡ್ಯಾನ್ ಗೋಲ್ಡ್‌ಸ್ಟನ್, ಯಾನೋಶ್ ಪಿಂಟ್ಸ್, ಜೆಮ್ ಯಿಲ್ದಿರಿಮ್ ಈ ದಾರಿಯನ್ನು 2005ರಲ್ಲಿ ಬಹುಪಾಲು ಸವೆಸಿದರು. ಅದಕ್ಕೂ ಮುಂಚೆ, 2003ರಲ್ಲಿ, ಗೋಲ್ಡ್‌ಸ್ಟನ್ ಮತ್ತು ಯಿಲ್ದಿರಿಮ್ ಸಾರಿದ ಫಲಿತಾಂಶವೊಂದರಲ್ಲಿ ತಪ್ಪು ಕಂಡುಹಿಡಿದ ಇಬ್ಬರಲ್ಲಿ ಒಬ್ಬರು ಚೆನ್ನೈನಲ್ಲಿ ಬೆಳೆದ ಕಣ್ಣನ್ ಸೌಂದರರಾಜನ್. ಮೂವರ ಸರಾಸರಿ ಒಂದರ ಹೊಸ್ತಿಲಿಗೆ ಬಂದು ನಿಂತಿತು, ದಾಟಲಿಲ್ಲ. ಭಾಗಿಸಿದಾಗ ಬರುವ ಬೇರೆಬೇರೆ ಶೇಷಗಳಿಗೆ ಅವಿಭಾಜ್ಯಗಳು ಎಷ್ಟು ಸಮನಾಗಿ ಹಂಚಿಹೋಗುತ್ತವೆ ಎಂಬ ಮಾಹಿತಿ ಅದಕ್ಕೆ ಬೇಕಿತ್ತು. ಆ ಮಾಹಿತಿ 1965ರಿಂದಲೂ 'ಅರ್ಧ' ಎಂಬ ಗಡಿಯವರೆಗೆ ಮಾತ್ರ ಸಿದ್ಧವಾಗಿತ್ತು. ಅರ್ಧಕ್ಕಿಂತ ಕೂದಲೆಳೆಯಷ್ಟು ಮುಂದೆ ಹೋದರೂ ಸಾಕಿತ್ತು. ಪರಿಣತರು ಒಂದೆಡೆ ಸೇರಿ ತಲೆ ಕೆಡಿಸಿಕೊಂಡು ಕೈಚೆಲ್ಲಿದ್ದರು.

ಆ ಕೂದಲೆಳೆಯನ್ನು ದಾಟಿದ್ದು ಯಾರ ಲೆಕ್ಕದಲ್ಲೂ ಇಲ್ಲದ ಮನುಷ್ಯ. ಯಿತಾಂಗ್ ಜಾಂಗ್ 1955ರಲ್ಲಿ ಶಾಂಘೈನಲ್ಲಿ ಹುಟ್ಟಿದವರು. ಸಾಂಸ್ಕೃತಿಕ ಕ್ರಾಂತಿಯಲ್ಲಿ ತಾಯಿಯೊಂದಿಗೆ ಹಳ್ಳಿಗೆ ಗದ್ದೆ ಕೆಲಸಕ್ಕೆ ಹೋಗಿ ಹೈಸ್ಕೂಲು ತಪ್ಪಿತು. ಆಮೇಲೆ ಪೀಕಿಂಗ್ ವಿಶ್ವವಿದ್ಯಾಲಯ, 1991ರಲ್ಲಿ ಅಮೆರಿಕದ ಪರ್ಡ್ಯೂನಿಂದ ಡಾಕ್ಟರೇಟ್. ಕೆಲಸ ಸಿಗಲಿಲ್ಲ. ಸ್ನೇಹಿತರೊಬ್ಬರ ಸ್ಯಾಂಡ್‌ವಿಚ್ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಂಡು ವರ್ಷಗಳು ಕಳೆದವು. 1999ರಲ್ಲಿ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. 2012ರ ಜುಲೈ 3ರಂದು ಕೊಲರಾಡೋದ ಸ್ನೇಹಿತರ ಮನೆಯ ಹಿತ್ತಿಲಿನಲ್ಲಿ, ಅಲ್ಲಿಗೆ ಬರುವ ಜಿಂಕೆಗಳನ್ನು ನೋಡಲೆಂದು ಅಡ್ಡಾಡುತ್ತಿದ್ದಾಗ ದಾರಿ ಹೊಳೆಯಿತು. ಅಂದು ಜಿಂಕೆ ಬರಲಿಲ್ಲ. ಸಣ್ಣ ಅಪವರ್ತನಗಳಾಗಿ ಒಡೆಯುವ ಭಾಜಕಗಳನ್ನಷ್ಟೇ ತೆಗೆದುಕೊಂಡರೆ ಗಡಿಯನ್ನು ಅರ್ಧದಿಂದ 584ನೇ ಒಂದು ಭಾಗದಷ್ಟು ಮುಂದೆ ತಳ್ಳಬಹುದು, ಅಷ್ಟು ಸಾಕು! 2013ರ ಏಪ್ರಿಲ್ 17ಕ್ಕೆ 'ಆ್ಯನಲ್ಸ್ ಆಫ್ ಮ್ಯಾಥಮೆಟಿಕ್ಸ್' ಪತ್ರಿಕೆಗೆ ಕಳಿಸಿದರು. ವರ್ಷಗಟ್ಟಲೆ ಕಾಯಿಸುವ ಆ ಪತ್ರಿಕೆ ಐದು ವಾರದೊಳಗೆ ಒಪ್ಪಿಕೊಂಡಿತು.

ಜಾಂಗ್ ಅವರ ಬಾಚಣಿಗೆಗೆ 35 ಲಕ್ಷ ಹಲ್ಲುಗಳು, ಅಗಲ 7 ಕೋಟಿ. ಅಂದರೆ 7 ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಜೋಡಿಗಳು ಅನಂತ. ಎರಡು ಎಲ್ಲಿ, ಏಳು ಕೋಟಿ ಎಲ್ಲಿ ಎಂದು ನಗಬೇಡಿ. ಹಿಂದಿನ ದಿನದವರೆಗೆ ಅಲ್ಲಿ ಯಾವ ಸಂಖ್ಯೆಯೂ ಇರಲಿಲ್ಲ. ಆ ಬೇಸಿಗೆಯಲ್ಲಿ ಟೆರೆನ್ಸ್ ಟಾವ್ ಮತ್ತು ಹಲವರು ಪಾಲಿಮ್ಯಾತ್ ಎಂಬ ಕೂಡುದುಡಿಮೆಯಲ್ಲಿ ಜಾಂಗ್ ಅವರ ಒಂದೊಂದು ಸಾಲನ್ನೂ ಹಿಂಡಿ, ಜುಲೈ ಮುಗಿಯುವಷ್ಟರಲ್ಲಿ ಅಗಲವನ್ನು 4680ಕ್ಕೆ ತಂದರು. ನವೆಂಬರಿನಲ್ಲಿ, ಆಗಷ್ಟೇ ಡಾಕ್ಟರೇಟ್ ಮುಗಿಸಿದ್ದ ಜೇಮ್ಸ್ ಮೇನಾರ್ಡ್ ಜಾಂಗ್ ಅವರ ಕಷ್ಟದ ಭಾಗವನ್ನು ಮುಟ್ಟದೆಯೇ, ತೂಕ ಕೊಡುವ ಬಗೆಯನ್ನು ಬದಲಿಸಿ, 105 ಹಲ್ಲುಗಳ ಬಾಚಣಿಗೆಯಲ್ಲಿ 600ಕ್ಕೆ ಇಳಿಸಿದ. ಟಾವ್ ಕೂಡ ಅದೇ ಹೊತ್ತಿಗೆ ಬೇರೆಯಾಗಿ ಅದೇ ಉಪಾಯಕ್ಕೆ ಬಂದಿದ್ದರು. ಮೇನಾರ್ಡ್‌ಗೆ 2022ರಲ್ಲಿ ಫೀಲ್ಡ್ಸ್ ಪದಕ ಬಂತು. ಮೇನಾರ್ಡ್ ಹಿಡಿದ ದಾರಿಯನ್ನೇ ಇನ್ನಷ್ಟು ಹದಗೊಳಿಸಿ 2014ರಲ್ಲಿ ಪಾಲಿಮ್ಯಾತ್ ತಂಡ ಮುಟ್ಟಿದ್ದು 246, ಐವತ್ತು ಹಲ್ಲುಗಳ ಬಾಚಣಿಗೆ. ಒಂದು ವರ್ಷದೊಳಗೆ ಏಳು ಕೋಟಿಯಿಂದ 246ಕ್ಕೆ ಇಳಿದ ಮೆಟ್ಟಿಲು ಅಲ್ಲಿಗೆ ನಿಂತಿತು.

ಇನ್ನೂ ಯಾರೂ ಸಾಧಿಸದ ಕೆಲವು ಪ್ರಬಲ ಊಹೆಗಳನ್ನು ಸಾಲವಾಗಿ ಪಡೆದರೆ 0, 2, 6ರಲ್ಲಿ ಹಲ್ಲಿರುವ ಬಾಚಣಿಗೆಯೇ ಸಾಕಾಗುತ್ತದೆ. ಮೂರು ಹಲ್ಲುಗಳಲ್ಲಿ ಎರಡು ಅನಂತ ಸಲ ಅವಿಭಾಜ್ಯಗಳ ಮೇಲೆ ಕೂರುತ್ತವೆ. ಅಂದರೆ 2, 4, 6 ಇವುಗಳಲ್ಲಿ ಯಾವುದೋ ಒಂದು ಅಂತರ ಮುಗಿಯದಷ್ಟು ಸಲ ಬರುತ್ತದೆ. ಯಾವುದು ಎಂದು ಬೆರಳು ಮಾಡಿ ತೋರಿಸಲು ಎರಡೇ ಹಲ್ಲಿನ ಬಾಚಣಿಗೆ ಹಿಡಿಯಬೇಕು. ಹಿಡಿದ ಕೂಡಲೇ ಸೆಲ್ಬರ್ಗ್ ಹೇಳಿದ ಸಮ-ಬೆಸದ ತಡೆ ಮತ್ತೆ ಎದುರಿಗೆ ಬಂದು ನಿಲ್ಲುತ್ತದೆ. ಸಾಲ ಎಷ್ಟೇ ತಂದರೂ ಜರಡಿಯೊಂದರಿಂದಲೇ ಆರರ ಕೆಳಗೆ ಇಳಿಯಲಾಗದು.

ಅತ್ತ ಕಂಪ್ಯೂಟರುಗಳು ಜೋಡಿಗಳನ್ನು ಹೆಕ್ಕುತ್ತಲೇ ಇವೆ. 2016ರ ಸೆಪ್ಟೆಂಬರಿನಲ್ಲಿ, ಸ್ವಯಂಸೇವಕರ ಬಿಡುವಿನ ಕಂಪ್ಯೂಟರುಗಳನ್ನು ಬಳಸುವ ಪ್ರೈಮ್‌ಗ್ರಿಡ್ ಯೋಜನೆಗೆ ಸಿಕ್ಕ ಅವಳಿಗಳಲ್ಲಿ ಒಂದೊಂದಕ್ಕೂ 3,88,342 ಅಂಕಿಗಳು. ಬರೆದರೆ ದಪ್ಪನೆಯ ಪುಸ್ತಕವೇ ಆದೀತು. ಆದರೆ ಅವೆರಡರ ನಡುವಿನ ಸಂಖ್ಯೆಯನ್ನು ಅರ್ಧ ಸಾಲಿನಲ್ಲಿ ಹೇಳಬಹುದು: 2996863034895ನ್ನು 2ರಿಂದ 12,90,000 ಸಲ ಗುಣಿಸಿದ್ದು. ಅದು ಸಮಸಂಖ್ಯೆ ಎಂಬುದು ಕಾಣುತ್ತಲೇ ಇದೆ. ಇನ್ನು ಮೂರರ ಮಗ್ಗಿಗೆ ಸೇರುತ್ತದೆಯೇ? ಪೆನ್ಸಿಲ್ ಇನ್ನೂ ಕೈಯಲ್ಲಿದ್ದರೆ ಆ ಹದಿಮೂರು ಅಂಕಿಗಳನ್ನು ಕೂಡಿಸಿ ನೋಡಿ. 72 ಬರುತ್ತದೆ. ಆರನೇ ಕಂಬಸಾಲೇ.